ಸೂಕ್ಷ್ಮಕಣಗಳೂ ನಂಜಿನ ವಿಚಾರವೂ

(ಉಪನ್ಯಾಸ)



ಕಪಿಲಾತೀರದ ನಂಜನಗೂಡಿಗೆ ಗರಳಪುರಿಯೆಂಬ ಪ್ರಾಚೀನ ನಾಮವೂ ಉಂಟೆಂಬುದು ತಮಗೆಲ್ಲರಿಗೂ ವಿದಿತವೇ ಆಗಿದೆ. ಗರಳವೆಂದರೂ ನಂಜೆಂದರೂ ಒಂದೇ. ನಂಜನ್ನುಂಡವನು ನಂಜುಂಡ, ಆತನ ಗುಡಿಯುಳ್ಳ ಊರು ನಂಜನಗೂಡು. ಈ ಕಥೆಯನ್ನು ಬಾಲ್ಯದಿಂದ ಕೇಳುತ್ತ ಬಂದವರೂ ಅದರ ಒಂದಂಶವನ್ನು ಅಷ್ಟಾಗಿ ಪರ್ಯಾಲೋಚಿಸುವುದಿಲ್ಲ. ಹಾಲಾಹಲವು ಹಾಲಾಹಲವಾಗಿಯೇ ಉಳಿಯಿತು. ಅದರ ಸ್ವಭಾವವೇನೂ ಮಾರ್ಪಡಲಿಲ್ಲ. ಕಂಠದಲ್ಲಿ ನಿಂತುದರಿಂದ ಮಾತ್ರವೇ ಅದು ಕೇಡನ್ನುಂಟುಮಾಡದೆ ಹೋಯಿತು. ಒಂದು ವಸ್ತುವು ನಂಜೋ ಅಲ್ಲವೋ ಎಂಬುದನ್ನು ಅದರ ಹೆಸರೊಂದರಿಂದಲೇ ನಿರ್ಣಯಿಸಲಾಗದೆಂಬುದು ಈ ಉಪನ್ಯಾಸದ ವಿಷಯವಾದುದರಿಂದ, ಗರಳಪುರಿಯಿಂದ ಆರಂಭಿಸುವುದು ಅನುಚಿತವಾಗಲಾರದು.

ಈಚೆಗೆ "ನ್ಯಾನೊ" ಎಂಬ ಶಬ್ದವು ಹಳ್ಳಿಗಳ ಜಗಲಿಗೂ ಬಂದು ಕುಳಿತಿದೆ. 2021ರಲ್ಲಿ ಇಫ್ಕೊ ಸಹಕಾರ ಸಂಸ್ಥೆಯವರು ನ್ಯಾನೊ ಯೂರಿಯಾ ಎಂಬ ದ್ರವವನ್ನು ಅರ್ಧ ಲೀಟರಿನ ಸೀಸೆಗಳಲ್ಲಿ ರೈತರಿಗೆ ಒದಗಿಸಲಾರಂಭಿಸಿದ ಮೇಲೆ, ನಾಲೆಯ ಬಯಲಿನ ಒಕ್ಕಲಿಗರಿಗೂ ಅದು ಪರಿಚಿತವಾದ ಮಾತಾಯಿತು. ಔಷಧದ ಅಂಗಡಿಯಲ್ಲಿ, ಮುಖಕ್ಕೆ ಹಚ್ಚುವ ಲೇಪದಲ್ಲಿ, ನೀರು ಸೋಸುವ ಯಂತ್ರದಲ್ಲಿ ಎಲ್ಲೆಲ್ಲಿಯೂ ಅದೇ ಹೆಸರು. ಕೆಲವರು ಆ ಹೆಸರಿಗೆ ಬೆರಗಾಗುವರು; ಕೆಲವರು ಹೆದರುವರು. ಎರಡೂ ಅವಿಚಾರದ ಫಲವೇ ಸರಿ. ಸೇರು, ಮೊಳ, ಗಾವುದಗಳಂತೆ ನ್ಯಾನೊ ಎಂಬುದು ಒಂದು ಅಳತೆಯ ಮಾತೇ ಹೊರತು ವಸ್ತುವಿನ ಹೆಸರಲ್ಲ. ಮೊಳವು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳುವುದುಂಟೆ?

ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ತಲೆಗೂದಲಿನ ದಪ್ಪವು ಸುಮಾರು 80,000 ನ್ಯಾನೊಮೀಟರ್. ರಕ್ತದ ಕೆಂಪು ಕಣದ ಅಗಲವು ಏಳೆಂಟು ಸಾವಿರ. ಒಂದರಿಂದ ನೂರು ನ್ಯಾನೊಮೀಟರಿನೊಳಗಿರುವ ಕಣಗಳನ್ನು ಈ ಕಾಲದ ವಿಜ್ಞಾನಿಗಳು ನ್ಯಾನೊಕಣಗಳೆಂದು ಕರೆಯುವರು. ತರ್ಕಶಾಸ್ತ್ರವನ್ನು ಓದಿದವರಿಗೆ ಗವಾಕ್ಷದಿಂದ ತೂರಿಬರುವ ಬಿಸಿಲಿನಲ್ಲಿ ಆಡುವ ಧೂಳಿಯ ದೃಷ್ಟಾಂತವು ನೆನಪಿರಬಹುದು. ಅದನ್ನು ತ್ರಸರೇಣುವೆಂದು ಹೇಳಿ, ಅದಕ್ಕಿಂತ ಸೂಕ್ಷ್ಮವಾದುದನ್ನು ಅನುಮಾನದಿಂದಲೇ ಸಾಧಿಸಿರುವರು. ಬಿಸಿಲಕೋಲಿನ ಆ ಧೂಳಿಯಾದರೂ ಸಾವಿರಾರು ನ್ಯಾನೊಮೀಟರುಗಳಷ್ಟು ದೊಡ್ಡದು. ಪ್ರಕೃತ ವಿಚಾರಿಸತಕ್ಕ ಕಣಗಳು ಅದರ ನೂರರಲ್ಲಿ ಒಂದು ಪಾಲಿನಷ್ಟಿರುವಂಥವು. ವೈಶೇಷಿಕರು ಪರಿಮಾಣವನ್ನೂ ಒಂದು ಗುಣವೆಂದೇ ಎಣಿಸಿರುವರಷ್ಟೆ. ದ್ರವ್ಯವು ಅದೇ ಆಗಿದ್ದರೂ ಪರಿಮಾಣವೆಂಬ ಗುಣವೊಂದು ಬದಲಾದರೆ ಉಳಿದ ಗುಣಗಳೂ ಬದಲಾಗುವುದುಂಟೆಂಬುದಕ್ಕೆ ಹತ್ತಿರದ ಸ್ಥಳಗಳಲ್ಲಿಯೇ ನಿದರ್ಶನಗಳಿವೆ.

ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ತಲಕಾಡಿನ ಮರಳನ್ನು ಕಾಣದವರು ವಿರಳ. ಪಂಚಲಿಂಗದರ್ಶನಕ್ಕೆ ಹೋದವರೆಲ್ಲ ಬರಿಗಾಲಿನಲ್ಲಿ ಅದನ್ನು ತುಳಿದಿರುವರು. ಆ ಮರಳಿನ ಬಹುಭಾಗವು ಬೆಣಚುಕಲ್ಲಿನ ಹರಳು. ರಸಾಯನಶಾಸ್ತ್ರಜ್ಞರು ಈ ದ್ರವ್ಯವನ್ನು ಸಿಲಿಕಾ ಎನ್ನುವರು. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳೊಡನೆ ಗುಪ್ತವಾಗಿ ಕೂಡುವುದೆಂದು ಆಸ್ತಿಕರು ಹೇಳುವ ಸ್ಫಟಿಕಸರೋವರದ ಹೆಸರಿನಲ್ಲಿರುವ ಸ್ಫಟಿಕವೂ ಇದೇ ದ್ರವ್ಯವೇ. ತಲಕಾಡಿನ ಮರಳು ಕಾಲಿಗೆ ಮೆತ್ತಿದರೆ ಕೊಡವಿಕೊಂಡರೆ ತೀರಿತು. ಅದೇ ಬೆಣಚುಕಲ್ಲು ಕೋಲಾರದ ಚಿನ್ನದ ಗಣಿಗಳಲ್ಲಿ ಏನು ಮಾಡಿತೆಂಬುದನ್ನು ನೋಡಬೇಕು. ಅಲ್ಲಿ ಬಂಗಾರವು ಬೆಣಚುಕಲ್ಲಿನ ಪದರಗಳಲ್ಲಿ ಸೇರಿಕೊಂಡಿತ್ತು. ಬಂಗಾರಕ್ಕಾಗಿ ಬಂಡೆಯನ್ನು ಕೊರೆದಾಗ ಎದ್ದ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಕೂಲಿಗಾರರ ಶ್ವಾಸಕೋಶಗಳು ಗಡುಸಾಗಿ ಅವರು ಏದುಸಿರಿನಿಂದ ನರಳಿದರು. ಸಿಲಿಕೋಸಿಸ್ ಎಂಬ ಈ ವ್ಯಾಧಿಯು ಭಾರತದಲ್ಲಿ ಮೊದಲು ವರದಿಯಾದುದು 1934ರಲ್ಲಿ, ಆ ಗಣಿಗಳಿಂದಲೇ. 2001ರಲ್ಲಿ ಗಣಿಗಳು ಮುಚ್ಚಿಹೋದುವು. ಆದರೆ ಬಂಡೆ ಒಡೆಯುವ, ಜಲ್ಲಿ ಮಾಡುವ ಕೆಲಸವು ನಾಡಿನಲ್ಲಿ ಎಲ್ಲಿಯೂ ನಿಂತಿಲ್ಲ.

ಕಾಲಡಿಯ ಮರಳಿಗೂ ಗಣಿಯ ಧೂಳಿಗೂ ದ್ರವ್ಯದಲ್ಲಿ ಭೇದವಿಲ್ಲ. ಭೇದವಿರುವುದು ಗಾತ್ರದಲ್ಲಿ, ಮತ್ತು ಹೊಸದಾಗಿ ಒಡೆದ ಮೈಯಲ್ಲಿ. ಮರಳಿನ ಕಣವು ಮೂಗನ್ನು ದಾಟಲಾರದು. ಕೆಲವೇ ಸಾವಿರ ನ್ಯಾನೊಮೀಟರಿನ ಧೂಳು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಇಳಿಯುವುದು. ಅಲ್ಲಿ ಕಾವಲಿರುವ ಜೀವಕೋಶಗಳು ಹೊರಗಿನಿಂದ ಬಂದುದನ್ನು ನುಂಗಿ ಜೀರ್ಣಿಸಿಕೊಳ್ಳುವ ಸ್ವಭಾವದವು. ಬೆಣಚಿನ ಕಣವನ್ನೂ ಹಾಗೆಯೇ ನುಂಗುವುವು, ಜೀರ್ಣಿಸಲಾರವು. ಕೋಶದೊಳಗೆ ಜೀರ್ಣರಸವನ್ನು ತುಂಬಿಟ್ಟುಕೊಂಡ ಸಣ್ಣ ಚೀಲಗಳಿರುವುವು. ಅವು ಹರಿದು, ಆ ರಸವು ಕೋಶವನ್ನೇ ತಿಂದುಹಾಕುವುದು. ಸತ್ತ ಕೋಶದಿಂದ ಬಿಡುಗಡೆಯಾದ ಕಣವನ್ನು ಮತ್ತೊಂದು ಕೋಶವು ನುಂಗುವುದು, ಅದೂ ಸಾಯುವುದು. ಹೀಗೆ ಒಂದೇ ಕಣವು ಬಹುಕಾಲ ಕೊಲ್ಲುತ್ತಲೇ ಇರುವುದರಿಂದ ಗಾಯವು ಮಾಯುವುದಿಲ್ಲ. ಬರಿಯ ಕಲೆಯಾಗಿ ಗಟ್ಟಿಗೊಳ್ಳುವುದು.

ಗಾತ್ರವು ಕುಗ್ಗಿದ ಹಾಗೆಲ್ಲ ಮೈಯು ಹಿಗ್ಗುವುದೆಂಬುದು ಇನ್ನೊಂದು ಮುಖ್ಯಾಂಶ. ಇದನ್ನು ಲೆಕ್ಕದಿಂದ ತಿಳಿಯಬಹುದು. ಪ್ರತಿಯೊಂದು ಅಂಚೂ ಒಂದು ಸೆಂಟಿಮೀಟರ್ ಇರುವ ಬೆಲ್ಲದ ಚೌಕದ ತುಂಡೊಂದಿದೆಯೆಂದು ಭಾವಿಸಿದರೆ, ಅದರ ಆರು ಮುಖಗಳೂ ಸೇರಿ ಆರು ಚದರ ಸೆಂಟಿಮೀಟರಾಗುವುದು. ಅದೇ ತುಂಡನ್ನು ಒಂದೊಂದು ನ್ಯಾನೊಮೀಟರ್ ಅಂಚಿನ ಚೂರುಗಳಾಗಿ ಕತ್ತರಿಸಲು ಸಾಧ್ಯವಾದರೆ, ಆ ಚೂರುಗಳ ಮುಖಗಳೆಲ್ಲ ಸೇರಿ 6,000 ಚದರ ಮೀಟರಾಗುವುದು. ಎಂದರೆ ಹೆಚ್ಚುಕಡಿಮೆ ಒಂದೂವರೆ ಎಕರೆ ಗದ್ದೆ! ತೂಕ ಒಂದು ಗುಂಜಿಯಷ್ಟೂ ಹೆಚ್ಚಿಲ್ಲ. ದೇಹದ ಕೋಶವು ಕಣದ ಒಳಗನ್ನು ಮುಟ್ಟಲಾರದು, ಅದರ ಹೊರಮೈಯನ್ನು ಮಾತ್ರವೇ ಮುಟ್ಟುವುದು. ಆದಕಾರಣ ಇಂಥ ಪದಾರ್ಥವನ್ನು ತಕ್ಕಡಿಯಲ್ಲಿ ತೂಗಿ ಮಾತ್ರೆಯನ್ನು ನಿಶ್ಚಯಿಸುವುದು ಸಾಲದು; ಅದರ ಮೈಯ ವಿಸ್ತಾರವನ್ನೂ ಅಳೆಯಬೇಕು.

ಬಂಗಾರದ ವಿಚಾರವು ಇದಕ್ಕಿಂತಲೂ ಸೋಜಿಗವಾದುದು. ಲೋಹಗಳಲ್ಲೆಲ್ಲ ನಿರುಪದ್ರವಿಯೆಂದು ಹೆಸರಾದುದು ಬಂಗಾರ. ಜನ್ಮವಿಡೀ ಮೈಮೇಲೆ ಧರಿಸಿದರೂ ತುಕ್ಕಿಲ್ಲ, ತುರಿಕೆಯಿಲ್ಲ. ಆದರೆ 2007ರಲ್ಲಿ ಜರ್ಮನಿಯ ಆಖೆನ್ ನಗರದ ವಿದ್ವಾಂಸರು ನಾನಾ ಗಾತ್ರದ ಬಂಗಾರದ ಕಣಗಳನ್ನು ಮನುಷ್ಯರ ಮತ್ತು ಇಲಿಯ ನಾಲ್ಕು ಬಗೆಯ ಜೀವಕೋಶಗಳ ಮೇಲೆ ಪ್ರಯೋಗಿಸಿ ನೋಡಿದರು. 15 ನ್ಯಾನೊಮೀಟರಿನ ಕಣಗಳು ಕೋಶಗಳಿಗೆ ಏನನ್ನೂ ಮಾಡಲಿಲ್ಲ. 1.4 ನ್ಯಾನೊಮೀಟರಿನವು ಹನ್ನೆರಡು ಗಂಟೆಗಳೊಳಗಾಗಿ ಅವನ್ನು ಕೊಂದುವು. 15ರ ಕಣಗಳನ್ನು ಅರುವತ್ತು ಪಟ್ಟು ಹೆಚ್ಚಾಗಿ ಬೆರೆಸಿದಾಗಲೂ ಕೋಶಗಳು ಬದುಕಿಯೇ ಇದ್ದುವು. ಅದೇ ಬಂಗಾರ, ಅದೇ ಕೋಶ; ಬೇರೆಯಾದುದು ಅಳತೆ ಮಾತ್ರ. ಅಷ್ಟು ಸಣ್ಣ ಕಣವು ಕೋಶದ ನಡುವಣ ಬೀಜಭಾಗದಲ್ಲಿರುವ ಡಿ.ಎನ್.ಎ. ಎಂಬ ಎಳೆಯ ಸಂದಿನಲ್ಲಿಯೇ ಕುಳಿತುಕೊಳ್ಳಬಲ್ಲುದೆಂದು ವಿಜ್ಞಾನಿಗಳು ಊಹಿಸಿರುವರು. ಹಾಗೆಂದು ಸಣ್ಣದೆಲ್ಲ ಕೆಟ್ಟುದೆಂದು ಹೇಳುವುದೂ ಸರಿಯಲ್ಲ. ಐದೂವರೆ ನ್ಯಾನೊಮೀಟರಿಗಿಂತ ಚಿಕ್ಕದಾದ ಕಣಗಳನ್ನು ಮೂತ್ರಪಿಂಡವು ಸೋಸಿ ಹೊರಗೆ ಹಾಕಬಲ್ಲುದು. ಅದಕ್ಕಿಂತ ದೊಡ್ಡವು ಯಕೃತ್ತು ಪ್ಲೀಹಗಳಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ನಿಲ್ಲುವುದುಂಟು. ಒಂದು ದೃಷ್ಟಿಯಿಂದ ಅಪಾಯಕಾರಿಯಾದ ಗಾತ್ರವೇ ಇನ್ನೊಂದು ದೃಷ್ಟಿಯಿಂದ ಬೇಗ ತೊಲಗಿಹೋಗುವಂಥದು.

ಇಷ್ಟು ಗಾತ್ರದ ಮಾತಾಯಿತು. ಇನ್ನು ಮೈಮೇಲಿನ ವಿದ್ಯುತ್ತಿನ ವಿಚಾರ. ಇದು ಕಣ್ಣಿಗೆ ಕಾಣದುದಾದರೂ ಇದರ ಪ್ರಭಾವವನ್ನು ನರಸೀಪುರದ ಜನರು ಪ್ರತಿವರ್ಷವೂ ಕಂಡಿರುವರು. ಆಷಾಢ ಶ್ರಾವಣಗಳಲ್ಲಿ ಹೊಸನೀರು ಬಂದಾಗ ಸಂಗಮದಲ್ಲಿ ನೀರು ಕೆಂಪಗೆ ಕದಡಿರುವುದು. ಕೊಡದಲ್ಲಿ ತುಂಬಿಟ್ಟರೆ ಮರಳು ಕ್ಷಣದಲ್ಲಿ ತಳಕ್ಕೆ ಇಳಿಯುವುದು. ಕೆಂಪು ಮಾತ್ರ ಎರಡು ದಿನ ಕಳೆದರೂ ಇಳಿಯದು. ಇದಕ್ಕೆ ಕಾರಣವೇನೆಂದರೆ, ಆ ಜೇಡಿಯ ಕಣಗಳು ಅತಿಸೂಕ್ಷ್ಮವಾಗಿರುವುದಲ್ಲದೆ, ಅವುಗಳ ಮೈಮೇಲೆ ಋಣವಿದ್ಯುತ್ತು ಇರುವುದು. ಋಣಕ್ಕೂ ಋಣಕ್ಕೂ ಆಗದು. ಒಂದನ್ನೊಂದು ತಳ್ಳುತ್ತ, ಕೂಡಿ ಗುಂಪಾಗದೆ ತೇಲುತ್ತಲೇ ಇರುವುವು. ಆಗ ಮನೆಯ ಹಿರಿಯರು ಪಟಿಕವನ್ನು ನೀರಿನಲ್ಲಿ ನಾಲ್ಕು ಸುತ್ತು ಆಡಿಸುವರು. ಪಟಿಕದಿಂದ ಕರಗಿ ಬಂದ ಅಲ್ಯೂಮಿನಿಯಂ ಅಂಶವು ಧನವಿದ್ಯುತ್ತುಳ್ಳದ್ದು. ಜೇಡಿಯ ಋಣವನ್ನು ಅದು ತೀರಿಸಿದೊಡನೆ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗಿಳಿಯುವುವು. (ಋಣ ತೀರಿದ ಮೇಲೆ ತೇಲಾಡುವ ಕಾರಣವಿಲ್ಲವಷ್ಟೆ!) ನುಗ್ಗೆಯ ಬೀಜವನ್ನು ಅರೆದು ಹಾಕಿದರೂ ಇದೇ ಫಲ. ಅದರಲ್ಲಿಯೂ ಧನವಿದ್ಯುತ್ತುಳ್ಳ ಒಂದು ಪ್ರೋಟೀನು ಇರುವುದನ್ನು ವಿಜ್ಞಾನಿಗಳು ಕಂಡುಹಿಡಿದಿರುವರು. ಆ ನುಗ್ಗೆಯ ಪ್ರೋಟೀನು ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಬ್ಯಾಕ್ಟೀರಿಯಾದ ಪೊರೆಯೂ ಜೇಡಿಯಂತೆ ಋಣವಿದ್ಯುತ್ತುಳ್ಳದ್ದು. ಧನವುಳ್ಳುದು ಬಂದು ಅಂಟಿದೊಡನೆ ಪೊರೆಯು ಕೆಡುವುದು.

ಮನುಷ್ಯನ ಜೀವಕೋಶದ ಪೊರೆಯೂ ಹಾಗೆಯೇ. ಕೋಶವನ್ನು ಸುತ್ತಿರುವ ಆ ಪೊರೆಯು ಐದರಿಂದ ಹತ್ತು ನ್ಯಾನೊಮೀಟರಿನಷ್ಟು ತೆಳುವಾದುದು. ಅದರ ಹೊರಮೈ ಒಟ್ಟಿನಲ್ಲಿ ಋಣವಿದ್ಯುತ್ತುಳ್ಳದ್ದು. ಋಣದ ಕಣವು ಬಂದರೆ ಕೊಂಚ ದೂರದಲ್ಲಿಯೇ ಸರಿಯುವುದು. ಧನದ ಕಣವು ಬಂದರೆ ಅಪ್ಪಿಕೊಳ್ಳುವುದು, ಪೊರೆಯನ್ನು ಎಳೆದು ಸಡಿಲಿಸುವುದು, ಬಹುಸಂಖ್ಯೆಯಲ್ಲಿ ಒಳಹೋಗುವುದು. 2004ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಎರಡು ನ್ಯಾನೊಮೀಟರಿನ ಬಂಗಾರದ ಕಣಗಳಿಗೆ ಎರಡು ಬಗೆಯ ಹೊದಿಕೆಯನ್ನು ಹೊದಿಸಿ ಪರೀಕ್ಷಿಸಿದರು. ಧನವಿದ್ಯುತ್ತಿನ ಹೊದಿಕೆಯವು ಕೋಶಗಳಿಗೆ ಸಾಕಷ್ಟು ನಂಜಾದುವು. ಋಣವಿದ್ಯುತ್ತಿನ ಹೊದಿಕೆಯವು ಬಹುಮಟ್ಟಿಗೆ ನಿರಪಾಯವಾಗಿದ್ದುವು. ಇಲ್ಲಿ ಲೋಹವೂ ಒಂದೇ, ಗಾತ್ರವೂ ಒಂದೇ; ಅಂಗಿ ಮಾತ್ರ ಬೇರೆ. ಧನವಿದ್ಯುತ್ತಿನ ಕೆಲವು ಕಣಗಳು ಹಿಂದೆ ಹೇಳಿದ ಜೀರ್ಣಚೀಲಗಳ ಆಮ್ಲವನ್ನು ಹೀರುತ್ತ, ಅವು ನೀರು ತುಂಬಿ ಉಬ್ಬಿ ಒಡೆಯುವಂತೆ ಮಾಡುವುದೂ ಉಂಟು.

ಇಷ್ಟನ್ನು ಕೇಳಿ, ಧನವೆಂದರೆ ನಂಜು, ಋಣವೆಂದರೆ ಕ್ಷೇಮ ಎಂದು ಸೂತ್ರ ಕಟ್ಟಿಬಿಡುವ ಆತುರವು ಯಾರಿಗಾದರೂ ಹುಟ್ಟಬಹುದು. ಅದು ತಪ್ಪು. ಬೆಣಚಿನ ಧೂಳಿನ ಮೈ ಋಣವಿದ್ಯುತ್ತುಳ್ಳದ್ದೇ. ಆದರೂ ಅದು ರಕ್ತದ ಕೆಂಪು ಕಣಗಳನ್ನು ಸೀಳುವುದು. ಅದರ ಮೈಮೇಲೆ ಸಿಲನಾಲ್ ಎಂಬ ಅಣುಗುಚ್ಛಗಳು ಮುಳ್ಳಿನಂತೆ ಇರುವುವು. ಅವು ಪೊರೆಯ ಕೊಬ್ಬಿನ ಅಣುಗಳನ್ನು ಹಿಡಿದುಕೊಳ್ಳುವುವು. ಆ ಮುಳ್ಳುಗಳೆಲ್ಲವೂ ಅಲ್ಲ, ಒಂದು ನಿಯತವಾದ ಅಂತರದಲ್ಲಿದ್ದು ಪರಸ್ಪರ ಗಟ್ಟಿಯಾಗಿ ಹೆಣೆದುಕೊಳ್ಳದೆ ಉಳಿದವು ಮಾತ್ರವೇ ಅಪಾಯಕಾರಿಯೆಂದು 2020ರಲ್ಲಿ ಇಟಲಿಯ ಟೂರಿನ್ ನಗರದ ಪಂಡಿತರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಕಲ್ಲನ್ನು ಒಡೆದಾಗ ಇಂಥ ಮುಳ್ಳುಗಳು ಹೊಸದಾಗಿ ಏಳುವುವು. ಗಣಿಯ ಹೊಸ ಧೂಳು ಹಳೆಯ ಧೂಳಿಗಿಂತ ಕ್ರೂರವಾಗಿರುವುದರ ರಹಸ್ಯವು ಇಲ್ಲಿದೆಯೆಂದು ತೋರುತ್ತದೆ.

ಇದಲ್ಲದೆ ಮತ್ತೊಂದು ತೊಡಕುಂಟು. ಕಣವು ರಕ್ತವನ್ನು ಸೇರಿದ ಕ್ಷಣಮಾತ್ರದಲ್ಲಿ ಅಲ್ಲಿಯ ಪ್ರೋಟೀನುಗಳು ಬಂದು ಅದರ ಮೈಯನ್ನು ಮುತ್ತಿಕೊಳ್ಳುವುವು. ಆ ಮೇಲೆ ಕೋಶದ ಎದುರಿಗೆ ನಿಲ್ಲುವುದು ಮೂಲದ ಮೈಯಲ್ಲ, ಈ ಹೊಸ ಹೊದಿಕೆ. ಗಾಜಿನ ಬಟ್ಟಲಿನಲ್ಲಿ ನಂಜೆಂದು ಕಂಡುದು ರಕ್ತದಲ್ಲಿ ಸೌಮ್ಯವಾಗಬಹುದು. ಬಟ್ಟಲಿನಲ್ಲಿ ಸಾಧುವಾಗಿದ್ದುದು ಶ್ವಾಸಕೋಶದಲ್ಲಿ ಬೇರೆ ರೂಪ ತಾಳಬಹುದು. ಆದುದರಿಂದಲೇ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯವರು 2019ರಲ್ಲಿ ನ್ಯಾನೊ ಔಷಧಗಳ ಪರೀಕ್ಷೆಗೆ ಮಾರ್ಗಸೂಚಿಗಳನ್ನು ಪ್ರಕಟಿಸಿದಾಗ, ಔಷಧದ ಹೆಸರು ತೂಕಗಳೊಡನೆ ಕಣದ ಗಾತ್ರವನ್ನೂ ಮೈಯ ವಿದ್ಯುತ್ತನ್ನೂ ಪರೀಕ್ಷಾಂಶಗಳಲ್ಲಿ ಸೇರಿಸಿದರು.

ಇನ್ನು ಭಸ್ಮಗಳ ಪ್ರಸ್ತಾಪ. ಇಲ್ಲಿ ಭಸ್ಮವೆಂದರೆ ಹಣೆಯ ವಿಭೂತಿಯಲ್ಲ. ವೈದ್ಯರು ಕೊಡುವ ಲೋಹಭಸ್ಮ, ಸ್ವರ್ಣಭಸ್ಮಾದಿಗಳು. ನಂಜನಗೂಡು ಆಯುರ್ವೇದಕ್ಕೆ ಹೆಸರಾದ ಊರು. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಬಳಸದ ಮನೆಗಳು ಒಂದು ಕಾಲಕ್ಕೆ ಈ ಸೀಮೆಯಲ್ಲಿ ಅಪರೂಪವಾಗಿದ್ದುವು. ವಸ್ತ್ರಗಾಳಿತವಾದ ಇಂಥ ಚೂರ್ಣಗಳು ಎಷ್ಟೇ ನಯವಾದರೂ ನ್ಯಾನೊಕಣಗಳ ಲೆಕ್ಕಕ್ಕೆ ಬರುವಂಥವಲ್ಲ. ಬಟ್ಟೆಯ ರಂಧ್ರಗಳೇ ಅದಕ್ಕಿಂತ ಎಷ್ಟೋ ದೊಡ್ಡವು. ಭಸ್ಮಗಳ ಮಾತು ಬೇರೆ. ಮತ್ತೆ ಮತ್ತೆ ಪುಟವಿಟ್ಟು, ಗಿಡಮೂಲಿಕೆಗಳ ರಸದಲ್ಲಿ ಅರೆದು ಸಿದ್ಧಪಡಿಸಿದ ಸ್ವರ್ಣಭಸ್ಮವನ್ನು 2007ರಲ್ಲಿ ಪರೀಕ್ಷಿಸಿದವರು ಅದರ ಬಂಗಾರದ ಕಣಗಳು ಸರಾಸರಿ 56–57 ನ್ಯಾನೊಮೀಟರ್ ಇರುವುದನ್ನು ಕಂಡರು. ಇದನ್ನು ಹಿಡಿದುಕೊಂಡು, ಪೂರ್ವಿಕರಿಗೆ ಈ ವಿದ್ಯೆಯೆಲ್ಲ ತಿಳಿದೇ ಇತ್ತು, ಭಸ್ಮಗಳು ನ್ಯಾನೊ ಆದುದರಿಂದಲೇ ನಿರ್ದೋಷವಾದುವು ಎಂದು ಸಾರುವವರು ಈಗ ಬಹಳ ಮಂದಿ. ಪೂರ್ವಿಕರ ಮೇಲಿನ ಗೌರವವು ಹೀಗೆ ಹೇಳಿಸುವುದಾದರೂ, ಶಾಸ್ತ್ರವನ್ನೇ ಸರಿಯಾಗಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ರಸಶಾಸ್ತ್ರದಲ್ಲಿ ಭಸ್ಮಪರೀಕ್ಷೆಗಳನ್ನು ಹೇಳಿದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದರೆ ಬೆರಳಿನ ರೇಖೆಗಳಲ್ಲಿ ತುಂಬಿಕೊಳ್ಳಬೇಕು, ಇದು ರೇಖಾಪೂರ್ಣತ್ವ. ನಿಂತ ನೀರಿನ ಮೇಲೆ ಚೆಲ್ಲಿದರೆ ತೇಲಬೇಕು, ಇದು ವಾರಿತರತ್ವ. ಗುಡಾದಿ ಮಿತ್ರದ್ರವ್ಯಗಳೊಡನೆ ಕಾಯಿಸಿದರೂ ಮತ್ತೆ ಲೋಹವಾಗಬಾರದು, ಇದು ಅಪುನರ್ಭವ. ಆ ಕಾಲದ ಉಪಕರಣಗಳಿಂದ ಇಷ್ಟನ್ನು ನಿಶ್ಚಯಿಸಿದುದು ಅಲ್ಪವಲ್ಲ. ತೇಲುವುದು ಮುಳುಗುವುದು ಕಣದ ತೂಕದ ಮಾತು ಮಾತ್ರವಲ್ಲ, ಅದರ ಮೈಯು ನೀರನ್ನು ಹತ್ತಿಸಿಕೊಳ್ಳುವುದೋ ಇಲ್ಲವೋ ಎಂಬ ಮಾತೂ ಹೌದು. ಹೀಗೆ ಮೈಯ ಗುಣವನ್ನೂ ಒಂದಿಷ್ಟು ಪರೀಕ್ಷಿಸಿದಂತಾಯಿತು. ಆದರೆ ಬೆರಳಿನ ರೇಖೆಯು ಸಾವಿರ ನ್ಯಾನೊಮೀಟರಿನ ಕಣಕ್ಕೂ ಹತ್ತು ನ್ಯಾನೊಮೀಟರಿನ ಕಣಕ್ಕೂ ಭೇದವನ್ನು ತಿಳಿಯಲಾರದು. ವಿದ್ಯುತ್ತನ್ನಂತೂ ತಿಳಿಯಲೇ ಆರದು. ಹೊಟ್ಟೆಯ ಆಮ್ಲದಲ್ಲಿ ಕಬ್ಬಿಣದ ಭಸ್ಮದ ಮೈ ಧನವಾಗಿರುವುದು. ಕರುಳಿಗೆ ಇಳಿದು ಆಮ್ಲವು ತಗ್ಗಿದಾಗ ಆ ಧನವು ಕುಗ್ಗುವುದು. ಆಮ್ಲದಲ್ಲಿ ಎಷ್ಟಂಶ ಕರಗುವುದೆಂಬುದೂ ಬೇರೆಯಾಗಿ ತಿಳಿಯಬೇಕಾದ ವಿಷಯವೇ. ಮಾರಣದ ತರುವಾಯ ಅಭ್ರಕ ತಾಮ್ರಾದಿಗಳಿಗೆ ಅಮೃತೀಕರಣವೆಂಬ ಮತ್ತೊಂದು ಸಂಸ್ಕಾರವನ್ನು ಶಾಸ್ತ್ರಕಾರರು ವಿಧಿಸಿರುವುದನ್ನು ನೋಡಿದರೆ, ನಯವಾದ ಮಾತ್ರಕ್ಕೆ ನಿರ್ದೋಷವಾಯಿತೆಂದು ಅವರೇ ನಂಬಿರಲಿಲ್ಲವೆಂದು ಸ್ಪಷ್ಟವಾಗುತ್ತದೆ. ಆಚಾರ್ಯರು ಸಂದೇಹಪಟ್ಟ ಕಡೆಯಲ್ಲಿ ಅನುಯಾಯಿಗಳು ನಿಸ್ಸಂದೇಹರಾಗಿರುವುದು ಯಾವ ಭಕ್ತಿ? ಜಾತ್ರೆಯ ಬೀದಿಯಲ್ಲಿ ತಯಾರಿಸಿದವರ ಹೆಸರಿಲ್ಲದ ಪೊಟ್ಟಣದಲ್ಲಿ ದೊರೆಯುವ ಭಸ್ಮವನ್ನು ಮಂಡಿನೋವಿಗೆಂದು ವೃದ್ಧರಿಗೆ ತಿನ್ನಿಸುವುದು, ಕೂಸಿನ ನಾಲಗೆಗೆ ನೆಕ್ಕಿಸುವುದು ಇವೆರಡನ್ನೂ ಬಿಡಬೇಕು. ಬಲ್ಲ ವೈದ್ಯರು ಕೊಟ್ಟರೆ, ತಯಾರಿಸಿದವರ ಹೆಸರನ್ನೂ ಪರೀಕ್ಷೆಯ ವಿವರವನ್ನೂ ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಕಡೆಯದಾಗಿ, ಈ ಎರಡು ತಾಲ್ಲೂಕುಗಳವರಿಗೆ ಭಸ್ಮಕ್ಕಿಂತಲೂ ಹತ್ತಿರವಾದ ಒಂದು ಬೂದಿಯ ವಿಷಯ. ಹುಲ್ಲಹಳ್ಳಿ, ರಾಂಪುರದ ನಾಲೆಗಳೂ ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೂ ಪೋಷಿಸುವ ಈ ಸೀಮೆಯಲ್ಲಿ ಭತ್ತಕ್ಕೇನೂ ಕೊರತೆಯಿಲ್ಲ. ಭತ್ತದ ಸಸಿಯು ಮಣ್ಣಿನ ಸಿಲಿಕಾವನ್ನು ಬೇರಿನಿಂದ ಹೀರಿ ಹೊಟ್ಟಿನಲ್ಲಿ ಕೂಡಿಡುವುದು. ನೂರು ಕಿಲೋ ಭತ್ತದಿಂದ ಸುಮಾರು ಇಪ್ಪತ್ತು ಕಿಲೋ ಹೊಟ್ಟು, ಅದನ್ನು ಸುಟ್ಟರೆ ನಾಲ್ಕು ಕಿಲೋ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. ಮೆಲ್ಲನೆಯ ಉರಿಯಲ್ಲಿ ಸುಟ್ಟರೆ ಅದು ಹರಳುಗಟ್ಟದ ಸಿಲಿಕಾ ಆಗಿಯೇ ಉಳಿಯುವುದು. ಉರಿಯು 700–800 ಡಿಗ್ರಿಗಳನ್ನು ಮೀರಿ ಬಹಳ ಹೊತ್ತು ನಿಂತರೆ ಕ್ರಿಸ್ಟೋಬಲೈಟ್ ಎಂಬ ಹರಳಾಗಿ ಮಾರ್ಪಡುವುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 1997ರಲ್ಲಿ, ಉದ್ಯೋಗದಲ್ಲಿ ಉಸಿರಾಡುವ ಬೆಣಚು ಮತ್ತು ಕ್ರಿಸ್ಟೋಬಲೈಟ್ ಧೂಳುಗಳು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವುವೆಂದು ನಿರ್ಣಯಿಸಿ, ಹರಳಲ್ಲದ ಸಿಲಿಕಾವನ್ನು ಆ ಪಟ್ಟಿಗೆ ಸೇರಿಸದೆ ಬಿಟ್ಟರು. ಒಂದೇ ಹೊಟ್ಟು, ಒಂದೇ ಬೂದಿ. ಒಲೆಯ ಉರಿಯೊಂದರಿಂದ ಜಾತಿ ಬೇರೆಯಾಯಿತು. ಕಣ್ಣಿಗೆ ಎರಡೂ ಬೂದಿಯೇ. ಕರಿಯದು ಸಾಮಾನ್ಯವಾಗಿ ಅರೆಬೆಂದುದು. ತೀರ ಬೆಳ್ಳಗಾಗಿ ಹೊಳೆಯುವುದನ್ನು ಕಂಡಾಗ ಹೆಚ್ಚು ಎಚ್ಚರದಿಂದಿರುವುದು ಒಳ್ಳೆಯದು.

ಅಕ್ಕಿ ಗಿರಣಿಗಳಲ್ಲಿಯೂ ಇಟ್ಟಿಗೆ ಗೂಡುಗಳಲ್ಲಿಯೂ ಈ ಬೂದಿಯನ್ನು ಎತ್ತುವವರು, ಗಾಡಿಗೆ ತುಂಬುವವರು, ಗದ್ದೆಗೆ ಎರಚುವವರು ಈ ಮಠದ ಭಕ್ತರ ಮನೆಗಳವರೇ. ತೋಳಿನ ವಲ್ಲಿಯನ್ನು ಮೂಗಿಗೆ ಕಟ್ಟಿಕೊಂಡರೆ ಸಾಕೆಂದು ಅವರು ಭಾವಿಸಿರುವರು. ವಲ್ಲಿಯು ಕಾಣುವ ಧೂಳನ್ನು ತಡೆಯುವುದು, ಕೊಲ್ಲುವ ಧೂಳನ್ನು ಬಿಡುವುದು. ಎನ್-95 ಎಂಬ ಮುಖಗವಸು ಮುಖಕ್ಕೆ ಸರಿಯಾಗಿ ಕೂತರೆ ಅದನ್ನೂ ಬಹುಮಟ್ಟಿಗೆ ಹಿಡಿಯುವುದು. ಅದಕ್ಕಿಂತ ಮೊದಲು ಮಾಡಬಹುದಾದುದೂ ಹೆಚ್ಚು ಅಗ್ಗವಾದುದೂ ನೀರು. ಬೂದಿಯನ್ನು ಸಲಿಕೆಯಿಂದ ಮುಟ್ಟುವ ಮೊದಲು ಚೆನ್ನಾಗಿ ನೆನೆಸಿದರೆ ಕಣಗಳು ಒಂದಕ್ಕೊಂದು ಅಂಟಿ ಗಾಳಿಗೆ ಏಳಲಾರವು. ಹಿಂದಿನ ಕಾಲದಲ್ಲಿ ಪಾತ್ರೆ ಬೆಳಗುತ್ತಿದ್ದ ಮನೆಯ ಹೆಂಗಸರು ಒಲೆಯ ಬೂದಿಯನ್ನು ತೊಯಿಸಿಕೊಂಡೇ ಕೈಗೆ ತೆಗೆದುಕೊಳ್ಳುತ್ತಿದ್ದರು. ಗಿರಣಿಗಳ ಯಜಮಾನರು ಬೂದಿಯ ಗುಂಡಿಯ ಬಳಿಗೆ ಒಂದು ನಲ್ಲಿಯನ್ನು ಹಾಕಿಸಿಕೊಡಲಿ.